ಮೂಟೆ ಎತ್ತುವ ಕೂಗು

ಮುನಿಶಾಮಿ ನನ್ನ ಗ್ಯಾಂಗಿಗೆ ಬಂದದ್ದು ಅರವತ್ತೊಂದನೇ ಇಸವಿಯ ಯುಗಾದಿ ಕಳೆದ ವಾರ. ಆಗ ನಾನು ಬಂಗಾರಪೇಟೆ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿಗಳ ಮೇಸ್ತ್ರಿ. ಮದರಾಸಿನ ಕಡೆಯಿಂದ ದೊಡ್ಡ ರೈಲಿನಲ್ಲಿ ಬಂದ ಸರಕನ್ನು ಕೋಲಾರಕ್ಕೆ ಹೋಗುವ ಚಿಕ್ಕ ರೈಲಿಗೆ ದಾಟಿಸುವುದು ನಮ್ಮ ಕೆಲಸ. ಎರಡು ಹಳಿಗಳ ಅಗಲ ಬೇರೆ ಬೇರೆ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡುವುದಿಲ್ಲ. ಹಾಗಾಗಿ ಅಕ್ಕಿ, ಸಿಮೆಂಟು, ಹಿಂಡಿ ಎಲ್ಲವೂ ನಮ್ಮ ಬೆನ್ನಿನ ಮೇಲೆ ಇಪ್ಪತ್ತು ಹೆಜ್ಜೆ ನಡೆಯಬೇಕು. ಮೂವತ್ತು ವರ್ಷ ಆ ಇಪ್ಪತ್ತು ಹೆಜ್ಜೆಯನ್ನೇ ನಡೆದವನು ನಾನು. ಮಂಡಿ ಸವೆದ ಮೇಲೆ ಮೇಸ್ತ್ರಿ ಮಾಡಿದರು.

ಅವನನ್ನು ಕರೆತಂದವರು ಜೈಲಿನಿಂದ ಬಿಟ್ಟವರ ಮೇಲೆ ಕಣ್ಣಿಡುವ ಆಫೀಸರು. ಕನ್ನಡಕ ಹಾಕಿದ, ಬೆವರು ಒರೆಸಿಕೊಳ್ಳುತ್ತಲೇ ಮಾತಾಡುವ, ಒಳ್ಳೆಯ ಮನುಷ್ಯ. "ಮಾರಿಕುಪ್ಪಂನವನು. ಚಿನ್ನದ ಗಣಿ ಕೂಲಿಗಳ ಲೈನು ಮನೆಗಳಲ್ಲಿ ಪಕ್ಕದ ಮನೆಯವನಿಗೆ ಸಲಿಕೆಯಲ್ಲಿ ಹೊಡೆದ, ಆತ ತೀರಿಕೊಂಡ. ಒಂಬತ್ತು ವರ್ಷ ಒಳಗಿದ್ದ. ಒಳ್ಳೆಯ ನಡತೆ ಅಂತ ಷರತ್ತಿನ ಮೇಲೆ ಬಿಟ್ಟಿದ್ದಾರೆ. ಒಂದು ವರ್ಷ ಒಂದೇ ಕಡೆ ದುಡಿಯಬೇಕು, ಜಗಳ ಮಾಡಬಾರದು. ನೀವು ತಿಂಗಳಿಗೊಮ್ಮೆ ಅವನ ಬಗ್ಗೆ ನನಗೆ ಹೇಳಿದರೆ ಸಾಕು" ಎಂದರು.

ನನಗೆ ಆಳು ಬೇಕಾಗಿತ್ತು. ಅವನ ಬೆನ್ನು ಅಗಲವಾಗಿತ್ತು. ಒಪ್ಪಿಕೊಂಡೆ. ಅವನು ಆಚೆ ನಿಂತು ನೆಲ ನೋಡುತ್ತಿದ್ದ.

ಅವತ್ತು ಒಂದು ತಪ್ಪು ಮಾಡಿದೆ. ಆಗ ಅದು ತಪ್ಪು ಅನ್ನಿಸಲಿಲ್ಲ, ದೊಡ್ಡ ಬುದ್ಧಿವಂತಿಕೆ ಅನ್ನಿಸಿತ್ತು. ಅದನ್ನು ತಿಳಿಯಬೇಕಾದರೆ ನಾವು ಮೂಟೆ ಎತ್ತುವ ರೀತಿ ಹೇಳಬೇಕು. ಒಬ್ಬ ಬಗ್ಗಿ ನಿಲ್ಲುತ್ತಾನೆ. ಇಬ್ಬರು ಹಿಂದೆ ನಿಂತು ಕಬ್ಬಿಣದ ಕೊಕ್ಕೆ ಹಾಕಿ ಮೂಟೆ ಎತ್ತಿ ಅವನ ಬೆನ್ನಿಗೆ ಕೂರಿಸುತ್ತಾರೆ. ಬಗ್ಗಿದವನಿಗೆ ಹಿಂದೆ ಏನು ನಡೆಯುತ್ತಿದೆ ಕಾಣುವುದಿಲ್ಲ. ಅವನಿಗೆ ಗುರುತು ಸಿಗುವುದು ಕೂಗಿನಿಂದ. ಎತ್ತುವವರು ಅವನ ಮೇಲೊಂದು ಲೇವಡಿಯ ಸಾಲು ಹೇಳಿ ಕೊನೆಗೆ "ಐಸಾ" ಅನ್ನುತ್ತಾರೆ. ಆ "ಸಾ"ಗೆ ಸರಿಯಾಗಿ ಭಾರ ಬೀಳುತ್ತದೆ. ಸಾಲು ಕೇಳುತ್ತಿದ್ದಂತೆ ಬಗ್ಗಿದವನ ಸೊಂಟ ತಾನೇ ಬಿಗಿಯಾಗುತ್ತದೆ, ಕಾಲು ತಾನೇ ಊರುತ್ತದೆ.

ಕುಪ್ಪುಸ್ವಾಮಿ ಸಣಕಲು, ಅವನಿಗೆ ಒಣಮೀನು ಎಂದು ಹೆಸರು. "ಒಣಮೀನಿಗೆ ಸೊಂಟಾನೇ ಇಲ್ಲ, ಆದ್ರೂ ಕುಣೀತದೆ, ಐಸಾ!" ಸೀನಪ್ಪ ದಪ್ಪ, ಮನೆಯಲ್ಲಿ ಹೆಂಡತಿಯ ಕಾರುಬಾರು. "ಎಮ್ಮೆ ಬತ್ತೈತೆ, ಎಂಡ್ತಿ ಬಾಗ್ಲಾಕವ್ಳೆ, ಐಸಾ!" ನನಗೂ ಇತ್ತು. ಯಾವಾಗಲೂ ಬಡಿದುಕೊಳ್ಳುತ್ತೇನೆ ಅಂತ ರೈಲುಗಂಟೆ ಎನ್ನುತ್ತಿದ್ದರು. ಹೆಸರಿಡಿಸಿಕೊಳ್ಳದವನು ನಮ್ಮ ಗ್ಯಾಂಗಿನಲ್ಲಿ ಯಾರೂ ಇರಲಿಲ್ಲ.

ಮುನಿಶಾಮಿ ಬಂದ ಬೆಳಿಗ್ಗೆ ನಾನು ಎಲ್ಲರನ್ನೂ ಕರೆದು, "ನೋಡ್ರಲಾ, ಅವನಿಗೆ ಯಾರೂ ಎಸರಿಡಬ್ಯಾಡಿ, ಗೇಲಿ ಮಾಡಬ್ಯಾಡಿ. ಸಿಟ್ಟಿನ ಆಸಾಮಿ. ಬಾಯಿ ಮುಚ್ಕೊಂಡು ಮೂಟೆ ಒರ್ಸಿ" ಎಂದೆ.

ಕುಪ್ಪುಸ್ವಾಮಿ, "ನೀ ಏಳ್ಬೇಕಾ ಮೇಸ್ತ್ರಿ? ನನಗೆ ಮನೇಲಿ ಮೂರು ಮಕ್ಳವ್ರೆ" ಎಂದ.

ಹಾಗೆ ಎಂಟು ತಿಂಗಳು ನಡೆಯಿತು. ಎಲ್ಲರೂ ಅವನನ್ನು ಮುನಿಶಾಮಣ್ಣ ಎಂದರು. ಅವನು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುವನು. ಕುಡಿತವಿಲ್ಲ, ಬೀಡಿಯಿಲ್ಲ, ಮಾತೂ ಇಲ್ಲ. ನಮ್ಮಲ್ಲಿ ಎಲ್ಲರೂ ಸರದಿಯ ಮೇಲೆ ಅರ್ಧ ದಿನ ಎತ್ತುವುದು, ಅರ್ಧ ದಿನ ಹೊರುವುದು. ಅವನು ಮಾತ್ರ ದಿನವೆಲ್ಲ ಹೊರುತ್ತಿದ್ದ. ಅವನ ಕೈಗೆ ಕೊಕ್ಕೆ ಕೊಟ್ಟು ಅವನ ಮುಂದೆ ಕುತ್ತಿಗೆ ಬಗ್ಗಿಸಲು ಯಾರಿಗೂ ಮನಸ್ಸಿರಲಿಲ್ಲ. ನನಗೆ ಕಾಣಲಿಲ್ಲವೇ? ಕಂಡಿತ್ತು. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವ್ಯಾಗನ್ನು ಖಾಲಿಯಾಗುತ್ತಿತ್ತು, ಅಷ್ಟು ಸಾಕಾಗಿತ್ತು.

ಆಫೀಸರು ತಿಂಗಳಿಗೊಮ್ಮೆ ಬರುವರು. "ಕೆಲಸ?" "ಮಾಡ್ತಾನೆ ಸ್ವಾಮಿ." "ಕುಡಿತ?" "ಇಲ್ಲ." "ಸಿಟ್ಟು?" "ಒಂದು ದಿನಾನೂ ಬಂದಿಲ್ಲ." ಅವರಿಗೆ ಸಂತೋಷ. ಬರೆದುಕೊಂಡು, ನನ್ನ ಸಹಿ ಹಾಕಿಸಿಕೊಂಡು ಹೋಗುವರು.

ಕಾರ್ತಿಕ ಮಾಸದಲ್ಲಿ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಶೆಡ್ಡಿನ ಹಿಂದೆ ಹೊಂಗೆ ಮರದ ಕೆಳಗೆ ನಿಂತಿದ್ದಳು. ಮೂವತ್ತರ ಮೇಲೆ ವಯಸ್ಸು, ಕೈಯಲ್ಲಿ ಬಟ್ಟೆ ಚೀಲ. ನನ್ನನ್ನು ಮಾತ್ರ ಕರೆದಳು.

"ಮೇಸ್ತ್ರಿ ಕದಿರಪ್ಪ ಅಂದ್ರೆ ನೀನೇನಾ ಅಣ್ಣ? ನಾನು ಆದಿಲಕ್ಷ್ಮಮ್ಮ. ಮುನಿಶಾಮಿ ಎಂಡ್ತಿ. ಕ್ಯಾಸಂಬಳ್ಳಿ ತಾವ ನಮ್ಮಮ್ಮನ ಮನೇಲಿದೀನಿ."

"ಅವನನ್ನ ಕರೀಲಾ?"

"ಬ್ಯಾಡ, ಬ್ಯಾಡ. ನಾ ಬಂದಿದ್ದು ಅವನಿಗೆ ಗೊತ್ತಾಗೋದು ಬ್ಯಾಡ."

ಕೂತುಕೊಂಡಳು. ಚೀಲದಿಂದ ಒಂದು ಕಾಗದ ತೆಗೆದಳು. ಆಫೀಸರು ಬರೆದದ್ದು. ಗಂಡ ಬಂಗಾರಪೇಟೆಯಲ್ಲಿ ಕೋಣೆ ಮಾಡಿದ್ದಾನೆ, ಇನ್ನು ನಾಲ್ಕು ತಿಂಗಳಿಗೆ ಷರತ್ತು ಮುಗಿಯುತ್ತದೆ, ನಿನ್ನನ್ನೂ ಮಗಳನ್ನೂ ಕರೆಸಿಕೊಳ್ಳಲು ಆಸೆಪಟ್ಟಿದ್ದಾನೆ, ಅವನೀಗ ಬಹಳ ಶಾಂತನಾಗಿದ್ದಾನೆ ಎಂದಿತ್ತು.

"ತಣ್ಣಗವ್ನೆ ಅಂತ ಬರ್ದವ್ರೆ. ಇದನ್ನ ಓದಿಸ್ದಾಗಿಂದ ನನಗೆ ನಿದ್ದೆ ಇಲ್ಲ" ಎಂದಳು.

"ಯಾಕವ್ವ, ಒಳ್ಳೇದೇ ಅಲ್ವಾ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇವನಿಗೂ ಹೇಳಬೇಕಲ್ಲ ಎಂಬ ಆಯಾಸ ಇತ್ತು. "ಅವ ಮೊದ್ಲು ಅಂಗಿರ್ಲಿಲ್ಲ ಕಣಣ್ಣ. ಸಾರಿಗೆ ಉಪ್ಪು ಕಮ್ಮಿ ಆದ್ರೆ ಲೈನಿಗೆಲ್ಲಾ ಕೇಳಂಗೆ ಕಿರುಚೋನು. ನಾನೂ ಕಿರುಚ್ತಿದ್ದೆ. ಒಂದು ದಿನಾನೂ ಕೈ ಎತ್ತಿದೋನಲ್ಲ. ಕಿರುಚಿ ಮುಗುದ್ಮೇಲೆ ಅವನೇ ಕೊಡ ತಗೊಂಡು ನಲ್ಲಿಗೆ ಓಗೋನು. ಅವತ್ತು ನಲ್ಲಿ ತಾವ ಪಕ್ಕದ ಮನೆ ಏಳುಮಲೈ ನನ್ನ ಕೊಡ ಒದ್ದು, ನನ್ನ ಬಸುರಿನ ಮೇಲೆ ಒಂದು ಮಾತಾಡ್ದ. ಅದು ಇವನ ಕಿವಿಗೆ ಬಿತ್ತು. ಕಿರುಚ್ತಾನೆ ಅಂತ ಕಾದೆ. ಕಿರುಚ್ಲಿಲ್ಲ. ನಾಕು ದಿನ ಮಾತಿಲ್ಲ ಕತೆಯಿಲ್ಲ. ಶಿಫ್ಟಿಗೆ ಓಗೋದು, ಬರೋದು, ನೆಲ ನೋಡ್ಕಂಡು ಕೂರೋದು. ಸಿಟ್ಟು ಇಳೀತು ಅಂತ ನಾನೂ ಉಸ್ಸಂದೆ. ಐದನೇ ದಿನ ಸಲಿಕೆ ಎತ್ಕಂಡ."

ಮಾರಿಕುಪ್ಪಂ ರೈಲು ಬಂದು ನಿಂತು ಹೋಯಿತು.

"ಮಗೀಗೆ ಒಂಬತ್ತು ವರ್ಷ. ಅಪ್ಪನ ಮುಖ ಕಂಡಿಲ್ಲ, ನೋಡ್ಬೇಕು ಅಂತಾಳೆ. ನನಗೂ ಅಣ್ಣತಮ್ಮದೀರ ಮನೇಲಿ ಎಷ್ಟು ದಿನ? ಅವನ ಮೇಲೆ ನನಗೆ ಹಗೆ ಇಲ್ಲ. ಆದ್ರೆ ಬಾಗ್ಲು ಆಕ್ಕೊಂಡು ಅವನ ಜೊತೆ ಒಳಗೆ ಮಲಗ್ಬೇಕಾದೋಳು ನಾನು, ಆಫೀಸರಲ್ಲ. ದಿನಾ ಅವನನ್ನ ನೋಡೋನು ನೀನು. ಬಾ ಅಂದ್ರೆ ಬತ್ತೀನಿ. ಬ್ಯಾಡ ಅಂದ್ರೆ ಇಲ್ಲ. ಮುಂದಿನ ತಿಂಗಳು ಬಂದು ಕೇಳ್ತೀನಿ."

ಅಷ್ಟು ಹೇಳಿ ಬಸ್ಸಿಗೆ ಹೋದಳು. ನನಗೆ ಒಂದು ಕ್ವಿಂಟಾಲಿನ ಮೂಟೆಯನ್ನು ಕೂಗಿಲ್ಲದೆ ಬೆನ್ನಿಗೆ ಹಾಕಿದಂತಾಯಿತು.

ಅಂದಿನಿಂದ ಅವನನ್ನು ಸರಿಯಾಗಿ ನೋಡಲು ಶುರುಮಾಡಿದೆ. ಅವನು ಬಗ್ಗಿ ನಿಲ್ಲುವನು. ಹಿಂದಿನಿಂದ ಇಬ್ಬರು ಉಸಿರೆತ್ತದೆ ಮೂಟೆ ಎತ್ತಿ ಧೊಪ್ಪೆಂದು ಬಿಡುವರು. ಯಾವಾಗ ಬೀಳುತ್ತದೋ ಅವನಿಗೆ ಗೊತ್ತಿಲ್ಲ. ಪ್ರತಿ ಸಲವೂ ಅವನ ತಲೆ ಒಂದು ಗೇಣು ಮುಂದಕ್ಕೆ ಕುಕ್ಕುತ್ತಿತ್ತು. ದಿನಕ್ಕೆ ನೂರು ಸಲ. ಎಂಟು ತಿಂಗಳು. ಕುತ್ತಿಗೆಯ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಕಟ್ಟಿತ್ತು.

ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು, "ಕುತ್ಗೆ ನೋಯ್ತೈತೇನ್ಲಾ?" ಎಂದೆ.

"ಇಲ್ಲ ಮೇಸ್ತ್ರಿ."

"ನಂತಾವ ಸುಳ್ಳು ಏಳ್ಬ್ಯಾಡ. ಆ ಗಂಟು ನನಗೂ ಎದ್ದಿತ್ತು."

ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ನೋಯ್ತದೆ. ಓಯ್ತದೆ."

"ಇವ್ರ ಮೇಲೆ ಸಿಟ್ಟು ಬರಲ್ವಾ?"

"ಜೈಲೊಳಗೆ ಒಬ್ರು ಮೇಷ್ಟ್ರು ಬರೋರು. ಸಿಟ್ಟು ಬಂದ್ರೆ ನೆಲ ನೋಡು, ನೂರು ಎಣಿಸು ಅಂತ ಕಲ್ಸವ್ರೆ. ಎಣಿಸ್ತೀನಿ."

"ಎಣಿಸಿದ್ಮೇಲೆ ಅದು ಎಲ್ಲಿಗೋಯ್ತದೆ?"

ಮುದ್ದೆಯ ತುಂಡನ್ನು ಬೆರಳಲ್ಲಿ ತಿರುಗಿಸಿದ. "ಗೊತ್ತಿಲ್ಲ. ಮತ್ತೆ ಒಂದ್ರಿಂದ ಎಣಿಸ್ತೀನಿ."

ಮನೆಯಲ್ಲಿ ಹೆಂಡತಿ ಅಕ್ಕಯ್ಯಮ್ಮನಿಗೆ ಹೇಳಿದೆ. ಅವಳು ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ, "ಎಂಟು ತಿಂಗ್ಳು ಒಬ್ಬ ಮನುಷ್ಯನ್ನ ದೇವರ ಮೂರ್ತಿ ತರ ದೂರ ಇಟ್ಟಿದೀರಲ್ಲ, ನಿಮಗೆ ಬುದ್ಧಿ ಇಲ್ವಾ?" ಎಂದಳು. "ನೀವೆಲ್ಲಾ ಎದ್ರಿಕೊಂಡು ಮರ್ವಾದೆ ಕೊಡ್ತೀರಿ. ಅದು ಅವನಿಗೆ ತಿಳಿಯಲ್ವಾ?"

ಬಿಟ್ಟುಬಿಡಬಹುದಿತ್ತು. ನಾಲ್ಕು ತಿಂಗಳು ಹೇಗೋ ಕಳೆಯುತ್ತಿತ್ತು. ನನಗೆ ಐವತ್ತಾರು ವಯಸ್ಸು, ಊರ ಉಸಾಬರಿ ಹೊತ್ತು ಸಾಕಾಗಿತ್ತು. ಆದರೆ ಆ ಹೆಂಗಸು ಬಂದು ಕೇಳುವವಳಿದ್ದಳು. ಬಾ ಎಂದರೂ ತಪ್ಪಾಗಬಹುದು, ಬೇಡ ಎಂದರೂ ಆಗಬಹುದು. ಏನೂ ಗೊತ್ತಿಲ್ಲದೆ ಒಂದು ಸಂಸಾರದ ಮಾತು ಹೇಳುವುದು ಹೇಗೆ?

ಮರುದಿನ ಕುಪ್ಪುಸ್ವಾಮಿಗೆ, "ಇವತ್ತಿಂದ ಅವನಿಗೂ ಕೂಗು ಆಕ್ರಲಾ" ಎಂದೆ.

"ಐಯ್ಯೋ ಸಾಮಿ, ನೀನೇ ಬ್ಯಾಡ ಅಂದಿದ್ದು!"

"ತಪ್ಪಾಯ್ತು. ಈಗ ಆಕು."

"ನಾ ಆಕಲ್ಲಪ್ಪ. ಒಣಮೀನು ಪುಡಿಪುಡಿ ಆಗೋಯ್ತದೆ. ಅಷ್ಟು ಚಪಲ ಇದ್ರೆ ನೀನೇ ಆಕು."

ಸೀನಪ್ಪನ ಜೊತೆ ನಾನೇ ಕೊಕ್ಕೆ ಹಿಡಿದೆ. ಎರಡು ವರ್ಷವಾಗಿತ್ತು ಹಿಡಿದು. ಅಕ್ಕಿ ಮೂಟೆ. ಮುನಿಶಾಮಿ ಬಗ್ಗಿದ. ಸತ್ತವನ ಮಾತು, ಜೈಲಿನ ಮಾತು ಬಾಯಿಗೆ ಬರಬಾರದು ಎಂದು ಮೊದಲೇ ಯೋಚಿಸಿಟ್ಟುಕೊಂಡಿದ್ದೆ.

"ಮದ್ಲಗಿತ್ತಿ ಬಂದ್ಳು ನೋಡೋ, ನೆಲ ಬಿಟ್ಟು ನೋಡಾಕಿಲ್ಲ, ಐಸಾ!"

ಮೂಟೆ ಕೂತಿತು. ಅವನ ತಲೆ ಕುಕ್ಕಲಿಲ್ಲ. ಆದರೆ ಬೆನ್ನು ಮರದಂತೆ ಬಿಗಿದುಕೊಂಡಿತು. ನಡೆದು ಹೋಗಿ ಹಾಕಿ ಬಂದ. ಎರಡನೆಯದಕ್ಕೂ ಅದನ್ನೇ ಹೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು. ಮೂರನೆಯದಕ್ಕೆ, "ಮದ್ಲಗಿತ್ತಿ ಮಾತೇ ಆಡಳು, ಗಂಡನ ಎಸ್ರು ಏಳಾಕಿಲ್ಲ, ಐಸಾ!"

ಮೂಟೆ ಅವನ ಬೆನ್ನಿನ ಮೇಲೆ ಕೂರಲಿಲ್ಲ. ಪಕ್ಕಕ್ಕೆ ಸರಿದು ಬಿಟ್ಟ. ಅದು ಕಲ್ಲಿಗೆ ಬಿದ್ದು ಹೊಲಿಗೆ ಬಿರಿದು ಅಕ್ಕಿಯೆಲ್ಲ ಚೆಲ್ಲಿತು. ತಿರುಗಿದ. ಸೀನಪ್ಪನ ಕೈಯ ಕೊಕ್ಕೆ ಅವನ ಕೈಯಲ್ಲಿತ್ತು, ಯಾವಾಗ ಕಿತ್ತುಕೊಂಡನೋ ಕಾಣಲಿಲ್ಲ. ಎಲ್ಲರೂ ಹಿಂದಕ್ಕೆ ಹಾರಿದರು. ನಾನು ಹಾರಲಿಲ್ಲ. ಧೈರ್ಯವೆಂದು ಆಮೇಲೆ ಜನ ಹೇಳಿದರು. ಮಂಡಿ ಹಿಡಿದುಕೊಂಡಿತ್ತು, ಅಷ್ಟೆ.

"ಯಾಕ್ಲಾ ನಗ್ತೀರಾ!" ಎಂದು ಕಿರುಚಿದ. ಅಂಥ ದನಿ ಅವನೊಳಗಿದೆಯೆಂದು ನಮಗೆ ಗೊತ್ತಿರಲಿಲ್ಲ. ಆಚೆ ಪ್ಲಾಟ್‌ಫಾರಂನ ಜನ ತಿರುಗಿ ನೋಡಿದರು. "ಎಂಟು ತಿಂಗ್ಳು! ಎಂಟು ತಿಂಗ್ಳು ಎಣಕ್ಕೆ ಮಣ್ಣಾಕಿದಂಗೆ ನನ್ನ ಮೇಲೆ ಮೂಟೆ ಆಕಿದ್ರಿ! ಒಬ್ನಾದ್ರೂ ಲೇ ಅಂದ್ನಾ? ಒಬ್ನಾದ್ರೂ ಕೊಕ್ಕೆ ಕೊಟ್ನಾ? ಅಣ್ಣ ಅಂತೀರಾ, ನಾ ಅತ್ರ ಬಂದ್ರೆ ಮಾತು ನಿಲ್ಲಿಸ್ತೀರಾ! ನಾನೇನು ಉಚ್ಚುನಾಯೇನ್ಲಾ?"

ನನ್ನ ಮುಖದ ಹತ್ತಿರ ಬಂದ. ಕೊಕ್ಕೆಯ ತುದಿ ನನ್ನ ಎದೆಯಿಂದ ಒಂದು ಮೊಳದಲ್ಲಿತ್ತು.

"ಎಸ್ರು ಏಳಾಕಿಲ್ಲ ಅಂದ್ಯಾ? ನಾ ಒಡ್ದೋನ ಎಸ್ರು ಏಳುಮಲೈ ಕಣೋ ಮೇಸ್ತ್ರೀ! ಇಲ್ಲಿ ಒಬ್ನಾದ್ರೂ ಕೇಳಿದ್ರಾ? ಮೂರು ದಿನ ಆಸ್ಪತ್ರೇಲಿದ್ದ. ಅವನಿಗೂ ಎಂಡ್ತಿ ಇದ್ಳು. ನೂರು ಎಣಿಸು ಅಂತಾರೆ. ನಾ ನೂರು ಎಣಿಸೋದೇ ಇಲ್ಲ! ಅವನ ಎಸ್ರೇ ನೂರು ಸಾರಿ ಏಳ್ತೀನಿ. ಪ್ರತಿ ಮೂಟೆಗೂ ಏಳ್ತೀನಿ!"

ಅವನು ಇನ್ನೂ ಏನೇನೋ ಕಿರುಚಿದ, ಗಂಟಲು ಕಟ್ಟುವವರೆಗೂ. ಆಮೇಲೆ ಕೈಯಲ್ಲಿದ್ದ ಕೊಕ್ಕೆಯನ್ನು ಆಗ ತಾನೇ ಕಂಡವನಂತೆ ನೋಡಿದ. ಬೀಸಿ ಹಳಿಗಳ ಮಧ್ಯೆ ಎಸೆದ. ನೆಲಕ್ಕೆ ಕೂತು ಎರಡು ಕೈಯಲ್ಲೂ ಅಕ್ಕಿ ಬಾಚತೊಡಗಿದ. ಬಾಚಿದ್ದೆಲ್ಲ ಬೆರಳ ಸಂದಿಯಿಂದ ಚೆಲ್ಲುತ್ತಿತ್ತು.

ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ಕುಪ್ಪುಸ್ವಾಮಿ ಪೊರಕೆ ತಂದ. ಒಂದು ಮಾರು ದೂರದಿಂದಲೇ ಗುಡಿಸುತ್ತಾ, "ಸಿಟ್ಟು ರೈಲುಗಂಟೆ ಮೇಲೆ, ಅಕ್ಕಿ ಏನ್ ಪಾಪ ಮಾಡಿತ್ತು ನಿಂಗೆ?" ಎಂದು ಗೊಣಗಿದ. ಮುನಿಶಾಮಿ ತಲೆಯೆತ್ತಲಿಲ್ಲ. ಆದರೆ ಸರಿದು ಪೊರಕೆಗೆ ಜಾಗ ಕೊಟ್ಟ. ಮೂಟೆಯನ್ನು ಮತ್ತೆ ಹೊಲಿದೆವು. ಗೂಡ್ಸ್ ಗುಮಾಸ್ತರು ಬಂದು ನನ್ನನ್ನು ಬೈದು ಹೋದರು. ಮಧ್ಯಾಹ್ನದ ಮೇಲೆ ನಾನು ಅವನ ಕೈಗೆ ಕೊಕ್ಕೆ ಕೊಟ್ಟೆ. ಯಾರು ಬಗ್ಗಬೇಕು? ಒಬ್ಬರ ಮುಖ ಒಬ್ಬರು ನೋಡಿದರು. ಸೀನಪ್ಪ ಬೈದುಕೊಂಡೇ ಬಂದು ಬಗ್ಗಿದ. ಮುನಿಶಾಮಿಗೆ ಕೂಗು ಹೇಳಲು ಬರಲಿಲ್ಲ, ನಾಲಿಗೆ ತಡವರಿಸಿತು. ಬರೀ "ಎಮ್ಮೆ... ಐಸಾ" ಎಂದ. ಮೂಟೆ ಮಾತ್ರ ಹತ್ತಿಯಂತೆ ಕೂರಿಸಿದ.

ಆ ವಾರವೇ ಆಫೀಸರು ಬಂದರು.

"ಸಿಟ್ಟು?" ಎಂದರು. ಇಲ್ಲ ಎಂದು ಆಗಲೇ ಬರೆಯಲು ಕೈ ಇಟ್ಟಿದ್ದರು.

"ಬಂತು ಸ್ವಾಮಿ."

ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಒರೆಸಿದರು. "ಏನ್ರೀ ಕದಿರಪ್ಪ, ಎಲ್ಲ ಚೆನ್ನಾಗಿ ನಡೀತಿತ್ತಲ್ಲ. ಆಯುಧ ಹಿಡಿದ ಅಂತ ಬರೆದರೆ ವಾಪಸ್ಸು ಕಳಿಸಿಬಿಡ್ತಾರೆ."

"ಇಡ್ದಿದ್ದು ಬರೀರಿ, ಬಿಟ್ಟಿದ್ದೂ ಬರೀರಿ ಸ್ವಾಮಿ. ಮೊದ್ಲು ಅವನಿಗೆ ಸಿಟ್ಟು ಇರ್ಲಿಲ್ಲ ಅಂತ ನಾ ಏಳಿದ್ದೇ ಸುಳ್ಳು. ಇತ್ತು, ನಮಗೆ ಕಾಣ್ತಿರ್ಲಿಲ್ಲ. ಈಗ ಕಂಡೈತೆ, ಎಷ್ಟು ಉದ್ದ ಅಂತ ಗೊತ್ತಾಗೈತೆ."

ಹಿಡಿದದ್ದು, ಬಿಟ್ಟದ್ದು ಎರಡನ್ನೂ ಬರೆದರು. ನನ್ನ ಹೊಣೆಯ ಮೇಲೆ ಅವನು ಇಲ್ಲೇ ಇರಬಹುದೆಂದು ಮೇಲಿನವರು ಒಪ್ಪಿದರು. ಆದರೆ ಷರತ್ತು ಇನ್ನೂ ಆರು ತಿಂಗಳು ಬೆಳೆಯಿತು. ಸುದ್ದಿ ತಿಳಿದಾಗ ಮುನಿಶಾಮಿ ಎಲ್ಲರೆದುರಿಗೇ, "ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಓಗ್ತಿತ್ತು ಮೇಸ್ತ್ರಿ?" ಎಂದು ಕೂಗಾಡಿದ. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆರು ತಿಂಗಳು ಅವನ ಬದುಕಿನದು, ನನ್ನದಲ್ಲ. ಬೈಸಿಕೊಂಡೆ. ಮರುದಿನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದ.

ಆದಿಲಕ್ಷ್ಮಮ್ಮ ಹೇಳಿದ ಹಾಗೆ ಬಂದಳು. ಅದೇ ಮರದ ಕೆಳಗೆ ಕೂತು ಎಲ್ಲ ಕೇಳಿದಳು. ಕೊಕ್ಕೆಯ ಮಾತು ಮುಚ್ಚಿಡಲಿಲ್ಲ. ಅವಳು ಸೆರಗಿನ ತುದಿ ಸುತ್ತುತ್ತಾ, "ಎಷ್ಟೊತ್ತು ಕಿರುಚ್ದ?" ಎಂದಳು.

"ಒಂದು ಬೀಡಿ ಸೇದೋಷ್ಟು ಒತ್ತು."

"ಏಳುಮಲೈ ಎಸ್ರು ಅವನ ಬಾಯಲ್ಲೇ ಬಂತಾ?"

"ಬಂತವ್ವ."

"ನೀನೇನಂತೀಯ?"

"ಬಾ ಅಂತ ಏಳೋ ಧೈರ್ಯ ನನಗಿಲ್ಲ. ಬ್ಯಾಡ ಅಂತ ಏಳೋ ಕಾರಣಾನೂ ಈಗಿಲ್ಲ. ಕಂಡಿದ್ದು ಏಳಿದೀನಿ."

ಅವಳು ಎದ್ದಳು. "ನಾನೊಬ್ಳೇ ಬತ್ತೀನಿ. ಮಗಿ ಅಮ್ಮನ ತಾವ ಇರ್ಲಿ. ನಾಕು ತಿಂಗ್ಳು ನೋಡ್ತೀನಿ, ಆಮೇಲೆ ಮಗಿ."

ಸಂಕ್ರಾಂತಿ ಕಳೆದು ಬಂದಳು, ಒಂದು ಗಂಟು, ಒಂದು ಕೊಡದ ಜೊತೆ. ಅವನ ಕೋಣೆ ನಮ್ಮ ಮನೆಗೆ ಹೋಗುವ ದಾರಿಯಲ್ಲೇ. ಐದಾರು ದಿನ ಕಳೆದು, ಒಂದು ಸಂಜೆ ಕೆಲಸ ಮುಗಿಸಿ ಬರುತ್ತಿದ್ದೆ. ಇನ್ನೂ ಬಿಸಿಲಿತ್ತು. ಅವನ ಕೋಣೆಯಿಂದ ಅರಚಾಟ ಕೇಳಿಸಿತು.

"ಬಾಗ್ಲತ್ರ ಒಲೆ ಇಟ್ರೆ ಒಗೆಯೆಲ್ಲಾ ಒಳಗೇ ತುಂಬ್ಕಣ್ತದೆ ಕಣೇ!"

"ಕಿಟ್ಕಿ ತಾವ ಇಟ್ರೆ ಗಾಳಿಗೆ ಉರೀನೇ ನಿಲ್ಲಾಕಿಲ್ಲ! ಅಡುಗೆ ಮಾಡೋಳು ನಾನಾ, ನೀನಾ?"

ಪಕ್ಕದ ಮನೆಯ ಪಾಪಕ್ಕ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ನಿಮ್ಮೋನು ಕಣಪ್ಪ. ಓಗಿ ಬಿಡ್ಸು, ಏನಾದ್ರೂ ಆದೀತು" ಎಂದಳು.

"ತಾಳವ್ವ" ಎಂದೆ. ನಾನೂ ನಿಂತೆ.

ಇನ್ನೆರಡು ಮಾತು ಏರಿದವು. ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಏನೂ ಕೇಳಿಸಲಿಲ್ಲ. ಪಾಪಕ್ಕನ ಕೈಯೂ ನಿಂತಿತು. ಆದಿಲಕ್ಷ್ಮಮ್ಮ ಹೇಳಿದ್ದ ಆ ಮಾತಿಲ್ಲದ ನಾಲ್ಕು ದಿನ ನೆನಪಾಯಿತು. ಹೋಗಿ ಬಾಗಿಲು ತಳ್ಳಲೇ ಎಂದು ಎರಡು ಹೆಜ್ಜೆ ಇಟ್ಟೆ.

ಒಳಗೆ ಕಲ್ಲು ಎಳೆಯುವ ಸದ್ದಾಯಿತು. ಒಲೆಯ ಕಲ್ಲು. ಒಂದು ಎಳೆದರು, ಇನ್ನೊಂದು ಎಳೆದರು. ಅವಳು ಕೆಮ್ಮಿದಳು. ಅವನು ಏನೋ ಅಂದ, ಮೆಲ್ಲಗೆ. ಬಾಗಿಲ ಕಡೆ ಎಳೆದರೋ ಕಿಟಕಿಯ ಕಡೆ ಎಳೆದರೋ ಹೊರಗೆ ನಿಂತವನಿಗೆ ತಿಳಿಯಲಿಲ್ಲ.

ಪಾಪಕ್ಕನ ಜಗಲಿಯ ಮೇಲೆ ಕೂತುಬಿಟ್ಟೆ. ಮನೆ ಇನ್ನು ನೂರು ಹೆಜ್ಜೆಯಿತ್ತು. ಅಷ್ಟನ್ನೂ ನಡೆಯುವ ಮೊದಲು ಸ್ವಲ್ಪ ಹೊತ್ತು ಬೇಕಾಗಿತ್ತು.